ಗುರುಮಲ್ಲಮ್ಮನ ಎಡಗೈ

ಗುಂಡ್ಲುಪೇಟೆಯ ಅಂಗನವಾಡಿ ಗುರುಮಲ್ಲಮ್ಮನವರಿಗೆ ಲಕ್ವ ಹೊಡೆದಾಗ ಎಡಗಾಲು ಹೋಯಿತು, ಎಡಗೈ ಹೋಯಿತು, ನಾಲಿಗೆ ಮಾತ್ರ ಹೋಗಲಿಲ್ಲ. ಮೈಸೂರಿನ ಡಾಕ್ಟರು ಅದನ್ನು ಪುಣ್ಯವೆಂದರು. ಮೆದುಳಿನ ಬಲಗಡೆ ರಕ್ತ ಹೆಪ್ಪುಗಟ್ಟಿದ್ದರಿಂದ ಎಡಮೈಗೆ ಪೆಟ್ಟು ಬಿದ್ದಿದೆ, ಮಾತಿನ ಜಾಗ ಎಡಗಡೆ ಇರುವುದರಿಂದ ಉಳಿದುಕೊಂಡಿದೆ ಎಂದು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಚಾಮರಾಜನಗರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಮಗ ಮಹದೇವಪ್ರಸಾದ, ಯಾವ ಕಡತ ಯಾವ ಬೀರುವಿನಲ್ಲಿದೆ ಎಂದು ತಿಳಿದುಕೊಂಡಷ್ಟೇ ಸಲೀಸಾಗಿ ಅದನ್ನು ತಿಳಿದುಕೊಂಡು ತಲೆಯಾಡಿಸಿದ. ಪುಣ್ಯ ಯಾರದು ಎಂದು ಕೇಳಲಿಲ್ಲ. ಅದು ತನ್ನದಲ್ಲವೆಂಬುದು ಮನೆಗೆ ಬಂದ ಮೇಲೆ ಸೊಸೆ ರಂಜಿನಿಗೆ ಗೊತ್ತಾಯಿತು.

ನೋಡಲು ಬಂದವರು ಯಾರೂ ಸುಮ್ಮನೆ ಬರಲಿಲ್ಲ. ಒಬ್ಬೊಬ್ಬರ ಹತ್ತಿರವೂ ಒಂದೊಂದು ಮದ್ದಿತ್ತು. ಎದುರುಮನೆಯ ಚಿಕ್ಕಮಲ್ಲಮ್ಮ ಮಂಚದ ತುದಿಯಲ್ಲಿ ಕೂತು ದನಿ ತಗ್ಗಿಸಿದಳು.

"ಪಾರಿವಾಳದ್ ಬಿಸಿ ರಕ್ತ ಅಚ್ಚಿ ಉಜ್ಜುದ್ರೆ ಲಕ್ವ ನಿಲ್ಲಕ್ಕಿಲ್ಲ ಕಣಕ್ಕ. ನಮ್ ಮಾವ ಅಂಗೇ ಎದ್ದು ಓಡಾಡ್ಬುಟ್ರು."

"ಈಗೆಲ್ಲವ್ರೆ ನಿಮ್ ಮಾವ?"

"ಸತ್ತೋದ್ರು. ಅದು ಬ್ಯಾರೆ ಇಸ್ಯ."

ಮಾಂಸ ಮುಟ್ಟದ ಮನೆಯಲ್ಲಿ ಈ ಸಲಹೆ ಒಂದು ಇಡೀ ಸಂಜೆಯ ಚರ್ಚೆಯಾಯಿತು. ಗುರುಮಲ್ಲಮ್ಮನವರ ಮೈದುನ ಗುರುಸಿದ್ದಯ್ಯ, ಊರಿನ ಎಲ್ಲ ಸಮಿತಿಗಳಲ್ಲೂ ಇದ್ದು ಯಾವುದಕ್ಕಾದರೂ ತೀರ್ಪು ಕೊಡಬಲ್ಲ ಮನುಷ್ಯ. ಅಣ್ಣ ತೀರಿಕೊಂಡ ಮೇಲೆ ಈ ಮನೆಯ ತೀರ್ಪುಗಳೂ ತನಗೇ ಸೇರಿದವು ಎಂದುಕೊಂಡಿದ್ದ. ಗಡ್ಡ ಕೆರೆದುಕೊಂಡು ಹೇಳಿದ: "ತಿನ್ನೋದಲ್ವಲ್ಲ ಅತ್ಗಮ್ಮ. ಅಚ್ಕಳೋದು ತಾನೆ."

"ಸಿದ್ದಯ್ಯ, ಅಂಗನವಾಡೀಲಿ ನೌಕ್ರಿ ಮುಗಿಯೋಗಂಟ ಮೊಟ್ಟೆ ಬೇಯ್ಸಿ ಸುಲ್ದು ಕೊಟ್ಟಿವ್ನಿ. ಸರ್ಕಾರ ಸಂಬ್ಳ ಕೊಡ್ತು, ಮುಟ್ದೆ. ಪಾರಿವಾಳಕ್ಕೆ ಯಾರಪ್ಪ ಸಂಬ್ಳ ಕೊಡೋರು?"

ಪಾರಿವಾಳ ಬದುಕಿಕೊಂಡಿತು.

ಗುರುಮಲ್ಲಮ್ಮನವರ ಸಂಕಟ ಬೇರೆಯೇ ಇತ್ತು. ನಡೆಯುವುದು ನಿಧಾನಕ್ಕೆ ಬಂದರೂ ಆದೀತು, ಜಡೆ ಹಾಕಿಕೊಳ್ಳಲು ಆಗದಿದ್ದರೂ ಸರಿಯೆ, ಇದ್ದ ಕೂದಲೂ ಅಷ್ಟಕ್ಕಷ್ಟೆ. ಆದರೆ ಹುಡುಗಿಯಾಗಿದ್ದಾಗ ದೀಕ್ಷೆ ಕೊಟ್ಟ ದಿನದಿಂದ ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡು, ಎದೆಯ ಮಟ್ಟಕ್ಕೆ ಹಿಡಿದು, ಬಲಗೈಯಿಂದ ನೀರೆರೆದು ಪೂಜೆ ಮಾಡದೆ ಆಕೆ ಒಂದು ತುತ್ತು ತಿಂದದ್ದಿಲ್ಲ. ಹೆರಿಗೆಯಾದಾಗ ಬಿಟ್ಟಿರಲಿಲ್ಲ, ಗಂಡ ಸತ್ತಾಗ ಬಿಟ್ಟಿರಲಿಲ್ಲ. ಈಗ ರಂಜಿನಿ ಅತ್ತೆಯ ಕೊರಳಿಂದ ಲಿಂಗ ತೆಗೆದು, ಸ್ಟೀಲ್ ತಟ್ಟೆಯಲ್ಲಿಟ್ಟು, ಎರಡು ಉದ್ಧರಣೆ ನೀರು ಬಿಟ್ಟು, ಮೇಲಧಿಕಾರಿಯ ಪರವಾಗಿ ಸಹಿ ಹಾಕುವವರಂತೆ ಪೂಜೆ ಮುಗಿಸುತ್ತಿದ್ದಳು.

"ತಟ್ಟೇಲಿ ಇಡ್ಲಿ ಕೂತಂಗೆ ಕೂತದೆ ನನ್ ಲಿಂಗ," ಎಂದು ಗುರುಮಲ್ಲಮ್ಮ ಮುಖ ತಿರುಗಿಸುತ್ತಿದ್ದರು.

"ಗುರುಗಳ್ನ ಕೇಳಿವ್ನಿ ಅತ್ಗಮ್ಮ," ಎಂದ ಗುರುಸಿದ್ದಯ್ಯ. "ಕೈಲಾಗ್ದೋರಿಗೆ ತಟ್ಟೆ ನಡೀತದಂತೆ."

"ಕೈಲಾಗ್ದೋರು ಯಾರು?"

"ಅಂಗಲ್ಲ. ಆ ಕೈಲಿ ಇಟ್ಕಂಡು ಜಾರಿ ಬಿದ್ದೋದ್ರೆ? ಕೈಲಿರೋ ಲಿಂಗ ನೆಲಕ್ಕೆ ಬಿದ್ರೆ ಏನಂತ ನಿಮಗೇ ಗೊತ್ತು."

ಗೊತ್ತಿತ್ತು. ಹಿಂದಿನ ಕಾಲದವರು ಅಂಥದ್ದನ್ನು ಪ್ರಾಣ ಹೋದಂತೆಯೇ ಎಂದುಕೊಳ್ಳುತ್ತಿದ್ದರು. ಈಗಿನವರು ಹಾಗೆ ಅನ್ನುವುದಿಲ್ಲ, ಆದರೆ ಬೀಳಿಸುವುದೂ ಇಲ್ಲ. ಗುರುಮಲ್ಲಮ್ಮ ಎಡಗೈಯನ್ನು ದುರುಗುಟ್ಟಿಕೊಂಡು ನೋಡಿದರು. ಅದು ಬೇರೆ ಯಾರದೋ ಕೈಯಂತೆ ಮಡಿಲಲ್ಲಿ ಬಿದ್ದಿತ್ತು.

ಆ ಹೊತ್ತಿಗೆ ಚೆಂಡುಗಳು ಬರತೊಡಗಿದವು. ಕೈಗೆ ಶಕ್ತಿ ಬರಲು ಚೆಂಡು ಅಮುಕಬೇಕು ಎಂಬುದು ಊರಿಗೆಲ್ಲ ಗೊತ್ತಿರುವ ವಿದ್ಯೆ. ಮೆಡಿಕಲ್ ಸ್ಟೋರಿನವನು ಕೊಟ್ಟ, ಹಳೆಯ ಅಂಗನವಾಡಿ ಸಹಾಯಕಿ ತಂದಳು, ಸಮಿತಿಯ ಪರವಾಗಿ ಗುರುಸಿದ್ದಯ್ಯನೂ ಒಂದನ್ನು ಒಪ್ಪಿಸಿದ. ಎಲ್ಲವೂ ನಗುಮುಖದ ಹಳದಿ ಸ್ಪಂಜಿನ ಚೆಂಡುಗಳು. ಮಂಚದ ಪಕ್ಕದ ಬುಟ್ಟಿಯಲ್ಲಿ ಅವು ರಾಶಿಬಿದ್ದು ರೋಗಿಯನ್ನು ನೋಡಿ ನಗುತ್ತಿದ್ದವು. ಮಾಡುವುದನ್ನು ಅರೆಮನಸ್ಸಿನಿಂದ ಮಾಡಿ ಗೊತ್ತಿಲ್ಲದ ಗುರುಮಲ್ಲಮ್ಮ ಇದಕ್ಕೊಂದು ಶಿಸ್ತು ತಂದರು. ಒಂದು ಸಲ ಪಂಚಾಕ್ಷರಿ ಅನ್ನುವುದು, ಒಂದು ಸಲ ಅಮುಕುವುದು. ಮೊದಮೊದಲು ಬೆರಳು ಅಲ್ಲಾಡಲಿಲ್ಲ. ಆಮೇಲೆ ಅಲ್ಲಾಡಿದವು. ಆಮೇಲೆ ಚೆಂಡು ಚಪ್ಪಟೆಯಾಗತೊಡಗಿತು. ಮನೆಯವರೆಲ್ಲ ಸಂತೋಷಪಟ್ಟರು. ಜಪಕ್ಕೆ ಜಪ, ಕಸರತ್ತಿಗೆ ಕಸರತ್ತು. ಶಿವ ಕಣ್ಣು ಬಿಟ್ಟ ಎಂದು ಗುರುಸಿದ್ದಯ್ಯ ನಾಲ್ಕು ಜನರ ಮುಂದೆ ಹೇಳಿಕೊಂಡ.

ಶಿವ ಕಣ್ಣು ಬಿಟ್ಟನೋ ಇಲ್ಲವೋ, ಕೈ ಮಾತ್ರ ಮುಚ್ಚಿಕೊಂಡಿತು. ಹೆಬ್ಬೆರಳನ್ನು ಒಳಗಿಟ್ಟುಕೊಂಡು ಮುಷ್ಟಿ ಕಟ್ಟಿತು, ಮೊಣಕೈ ಮಡಚಿ ಎದೆಗಂಟಿಕೊಂಡಿತು. ಉಗುರು ಕತ್ತರಿಸುವುದೇ ರಂಜಿನಿಗೆ ಒಂದು ಯುದ್ಧವಾಯಿತು. ಇದರ ಜೊತೆಗೆ, ಅತ್ತಿಗೆಯನ್ನು ಮಂಚದಿಂದ ಎಬ್ಬಿಸುವ ಸೇವೆಯನ್ನು ವಹಿಸಿಕೊಂಡಿದ್ದ ಗುರುಸಿದ್ದಯ್ಯ ದಿನವೂ ಆ ಎಡಗೈಯನ್ನೇ ಹಿಡಿದು ಎಳೆದು ಎಳೆದು, ಭುಜ ಮುಟ್ಟಿದರೆ ಆಕೆ ಚೀರುವಂತಾಯಿತು. ಆಗ ಮಹದೇವಪ್ರಸಾದ ಫಿಸಿಯೋಥೆರಪಿಯವರನ್ನು ಕರೆಸಿದ.

ಬಂದವಳು ತೇಜಸ್ವಿನಿ. ಚಾಮರಾಜನಗರದ ಹುಡುಗಿ, ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಾಳಿಗೆಯ ಮೇಲೆ ಕ್ಲಿನಿಕ್ ಇಟ್ಟಿದ್ದಳು. ಈರುಳ್ಳಿ ಮೂಟೆ ಹೊತ್ತು ಬೆನ್ನು ಹಿಡಿದವರು, ಲಾರಿಯ ಸ್ಟೀರಿಂಗ್ ಹಿಡಿದು ಕತ್ತು ಹಿಡಿದವರು, ಬಂಡೀಪುರದ ಕಾಡಿನಲ್ಲಿ ಜಾರಿ ಮಂಡಿ ತಿರುಚಿಕೊಂಡ ಗಾರ್ಡುಗಳು ಅವಳ ಗಿರಾಕಿಗಳು. ಒಳಗೆ ಬಂದವಳು ಮೊದಲು ಭುಜವನ್ನು ನೋಡಿದಳು, ಆಮೇಲೆ ಮುಷ್ಟಿಯನ್ನು, ಆಮೇಲೆ ಬುಟ್ಟಿಯನ್ನು.

"ಇಷ್ಟೊಂದು ಯಾಕಮ್ಮ? ಅಂಗಡಿ ಇಡ್ತೀರಾ?"

"ಜಪ ಮಾಡ್ತಾ ಅಮುಕ್ತೀನಿ ಕಣಮ್ಮಿ. ಒಂದಿನಾನೂ ತಪ್ಸಿಲ್ಲ."

ತೇಜಸ್ವಿನಿ ಹಣೆ ಉಜ್ಜಿಕೊಂಡಳು. "ತಪ್ಪಿಸಿದ್ರೆ ಚೆನ್ನಾಗಿತ್ತು. ಲಕ್ವ ಆದ ಮೇಲೆ ಕೈಯಲ್ಲಿ ಮೊದಲು ಎದ್ದೇಳೋದು ಮುಚ್ಚೋ ಸ್ನಾಯುಗಳು. ಮನೇಲಿ ಬೇರೆಯವರು ಏಳೋ ಮುಂಚೆ ಎದ್ದು ಯಜಮಾನಿಕೆ ಶುರು ಮಾಡಿಬಿಡ್ತವೆ. ಬಿಚ್ಚೋ ಸ್ನಾಯು ಇನ್ನೂ ಮಲಗಿರ್ತವೆ. ನೀವು ದಿನಾ ಆ ಯಜಮಾನನಿಗೇ ಹಾಲು ತುಪ್ಪ ಹಾಕಿದ್ದೀರಿ."

ಗುರುಮಲ್ಲಮ್ಮ ಬುಟ್ಟಿಯ ಕಡೆ ನೋಡಿದರು. "ಅಂಗಾರೆ ನಾನ್ ಮಾಡಿದ್ ಜಪ ಎಲ್ಲ ಮುಷ್ಟಿ ಬಿಗ್ಯೋಕೆ ಓಯ್ತು ಅನ್ನು."

"ಜಪದ್ದು ನನಗೆ ಗೊತ್ತಿಲ್ಲ. ಅಮುಕಿದ್ದು ಅಲ್ಲಿಗೇ ಹೋಗಿದೆ."

"ರಂಜಿನೀ, ಈ ಬುಟ್ಟಿ ತಕಂಡೋಗಿ ಬೀದಿ ಐಕ್ಳಿಗೆ ಕೊಟ್ಬುಡು. ಇವುಗಳ ನಗು ನೋಡಿ ಸಾಕಾಗದೆ."

ತೇಜಸ್ವಿನಿ ಭುಜದ ವಿಷಯಕ್ಕೆ ಬಂದು, ಎಬ್ಬಿಸುವವರು ಯಾರು ಎಂದು ಕೇಳಿದಳು. ಗುರುಸಿದ್ದಯ್ಯ ಹೆಮ್ಮೆಯಿಂದ ಒಂದು ಹೆಜ್ಜೆ ಮುಂದೆ ಬಂದ. ಲಕ್ವ ಹೊಡೆದ ಕಡೆ ಭುಜದ ಗಂಟನ್ನು ಬಿಗಿಯಾಗಿ ಹಿಡಿದುಕೊಳ್ಳುವ ಸ್ನಾಯುಗಳಿಗೆ ಬಲವಿರುವುದಿಲ್ಲ, ಎಳೆದಾಗಲೆಲ್ಲ ಗಂಟು ಜಗ್ಗಿ ಕೆಳಗಿಳಿಯುತ್ತದೆ, ಇನ್ನು ಮುಂದೆ ಯಾರೂ ಆ ಕೈ ಹಿಡಿದು ಎಳೆಯಕೂಡದು, ಸೊಂಟದ ಹತ್ತಿರ ಆಸರೆ ಕೊಡಬೇಕು ಎಂದು ಅವಳು ವಿವರಿಸಿದಳು. ಗುರುಸಿದ್ದಯ್ಯ ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ.

"ಆರು ತಿಂಗ್ಳಾದ್ ಮೇಲೆ ಬಂದದ್ದೇ ಬಂತು, ಇನ್ನೇನೂ ಬರಲ್ಲ ಅಂದ್ರಂತೆ ಮೈಸೂರ್ನೋರು," ಎಂದ ಮಹದೇವಪ್ರಸಾದ.

"ಮೊದಲ ತಿಂಗಳುಗಳಲ್ಲಿ ಬೇಗ ಬರುತ್ತೆ ಅನ್ನೋದು ನಿಜ. ಆಮೇಲೆ ಬಾಗಿಲು ಹಾಕಿಬಿಡಲ್ಲ. ಆದರೆ ನಾನು ಭರವಸೆ ಕೊಡೋಳಲ್ಲ. ಕಾಲು ಬರುತ್ತೆ, ಕೋಲು ಹಿಡಿದು ನಡೀತಾರೆ. ಕೈ ಹಠಮಾರಿ." ತೇಜಸ್ವಿನಿ ಮಂಚದ ಕಡೆ ತಿರುಗಿದಳು. "ಅಮ್ಮ, ಈ ಕೈಯಿಂದ ನಿಮಗೆ ಏನು ಮಾಡ್ಬೇಕು ಹೇಳಿ. ಒಂದೇ ಹೇಳಿ."

ಲಕ್ವ ಹೊಡೆದ ಮೇಲೆ ನಿನಗೇನು ಬೇಕು ಎಂದು ಕೇಳಿದವರು ಅವಳೇ ಮೊದಲು. ಗುರುಮಲ್ಲಮ್ಮ ಬಲ ಅಂಗೈಯನ್ನು ಮೇಲಕ್ಕೆ ತೆರೆದು ಎದೆಯ ಮುಂದೆ ಹಿಡಿದು ತೋರಿಸಿದರು. "ಎಡಗೈ ಇಂಗೆ ನಿಲ್ಬೇಕು. ನನ್ ಲಿಂಗ ಅದ್ರಲ್ಲಿ ಕೂರ್ಬೇಕು."

ತೇಜಸ್ವಿನಿ ಆ ಭಂಗಿಯನ್ನು ಎಲ್ಲ ಕಡೆಯಿಂದ ನೋಡಿದಳು. "ಹುಡುಕಿ ಹುಡುಕಿ ಕಷ್ಟದ್ದನ್ನೇ ಕೇಳಿದ್ದೀರಿ. ಲಕ್ವದ ಕೈ ಅಂಗೈಯನ್ನ ಕೆಳಕ್ಕೆ ತಿರುಗಿಸುತ್ತೆ, ಬೆರಳು ಮುಚ್ಚುತ್ತೆ. ನಿಮಗೆ ಮೇಲಕ್ಕೆ ತಿರುಗ್ಬೇಕು, ಬಿಚ್ಕೋಬೇಕು, ಮೇಲೆ ಅಲ್ಲಾಡದೆ ನಿಲ್ಲಬೇಕು. ಪೂರಾ ಉಲ್ಟಾ."

"ಸುಲ್ಬದ್ದಾಗಿದ್ರೆ ನಿನ್ ಯಾಕ್ ಕರಸ್ತಿದ್ದೆ?"

"ಸರಿ. ಹಾಗಾದ್ರೆ ಅದನ್ನೇ ಕೊಡಿ, ಅದರಲ್ಲೇ ಅಭ್ಯಾಸ ಮಾಡೋಣ," ಎಂದು ತೇಜಸ್ವಿನಿ ಕೈ ಚಾಚಿದಳು. ರಂಜಿನಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಲಿಂಗ ಅಂದ್ರೆ ಏನ್ ಚೆಂಡಾ?" ಎಂದು ಗುರುಸಿದ್ದಯ್ಯ ಗುಡುಗಿದ. ಭುಜದ ವಿಷಯದಲ್ಲಿ ಕಳೆದುಕೊಂಡ ನೆಲವನ್ನು ಧರ್ಮದ ವಿಷಯದಲ್ಲಿ ವಾಪಸ್ ಪಡೆಯುವ ಅವಕಾಶವನ್ನು ಅವನು ಬಿಡಲಿಲ್ಲ. ವಾದ ಬೆಳೆದು, ಕೊನೆಗೆ ಮಹದೇವಪ್ರಸಾದ ಚಾಮರಾಜನಗರದ ಮಂಡಿಯಿಂದ ಲಿಂಗದಷ್ಟೇ ಗಾತ್ರದ ಅರಿಶಿನದ ಗಡ್ಡೆಗಳನ್ನು ತಂದುಕೊಟ್ಟ ಮೇಲೆ ತಣ್ಣಗಾಯಿತು.

ಮುಂದಿನದು ಯಾರೂ ನಿಂತು ನೋಡುವಂಥ ಕೆಲಸವಾಗಿರಲಿಲ್ಲ. ಮುಷ್ಟಿಯನ್ನು ಬೆರಳು ಹಿಡಿದು ಬಲವಂತವಾಗಿ ಬಿಚ್ಚಬಾರದು, ಎಳೆದಷ್ಟೂ ಅದು ಬಿಗಿಯುತ್ತದೆ ಎಂದು ತೇಜಸ್ವಿನಿ ಮೊದಲ ಪಾಠ ಹೇಳಿದಳು. ಮಣಿಕಟ್ಟನ್ನು ಕೆಳಕ್ಕೆ ಬಾಗಿಸಿದರೆ ಬೆರಳು ತಾವಾಗಿ ಸಡಿಲವಾಗುತ್ತವೆ. ಕೈಯ ಹಿಂಬದಿಯನ್ನು ಸವರಬೇಕು. ಸಡಿಲವಾದ ಅಂಗೈಯನ್ನು ಮಂಚದ ಮೇಲೆ ಒತ್ತಿ, ಮೈಯ ಭಾರವನ್ನು ಅದರ ಮೇಲೆ ಬಿಟ್ಟು ಕೂರಬೇಕು. ಚಳಿಗೆ, ಅವಸರಕ್ಕೆ, ಸಿಟ್ಟಿಗೆ ಮುಷ್ಟಿ ಮತ್ತೆ ಕಟ್ಟುತ್ತದೆ.

"ಸಿಟ್ಟು ಬರ್ಬಾರ್ದು ಅನ್ನೋದಾದ್ರೆ ಸಿದ್ದಯ್ಯನ್ ಬಾಗ್ಲಲ್ಲೇ ನಿಲ್ಸು," ಎಂದರು ಗುರುಮಲ್ಲಮ್ಮ.

ಕನ್ನಡಿಯ ಪಾಠ ಇನ್ನೂ ವಿಚಿತ್ರವಾಗಿತ್ತು. ರಂಜಿನಿಯ ಕನ್ನಡಿಯನ್ನು ಎರಡು ಕೈಗಳ ನಡುವೆ ನಿಲ್ಲಿಸಿ, ಎಡಗೈಯನ್ನು ಹಿಂದೆ ಮರೆಮಾಡಿ, ಬಲಗೈ ಬಿಚ್ಚಿ ಮುಚ್ಚುವುದನ್ನು ಕನ್ನಡಿಯಲ್ಲಿ ನೋಡಬೇಕು. ನೋಡಿದರೆ ಎಡಗೈಯೇ ಬಿಚ್ಚುತ್ತಿರುವಂತೆ ಕಾಣುತ್ತದೆ. ಮೆದುಳು ಅದನ್ನು ನಂಬಿ ಹಳೆಯ ದಾರಿಯನ್ನು ಹುಡುಕಲು ಹೊರಡುತ್ತದೆಯಂತೆ.

"ಕಣ್ಣಿಗೆ ಮಣ್ಣೆರಚೋದು ಕೇಳಿದ್ದೆ, ಮಿದುಳಿಗೂ ಎರಚ್ತೀಯಲ್ಲ ಕಣಮ್ಮಿ."

"ನಿಮ್ಮ ಒಳ್ಳೇದಕ್ಕೇ."

"ಎಲ್ರೂ ಅಂಗೇ ಅನ್ನೋದು."

ಆದರೂ ಕೂತರು. ಇಡೀ ಓಣಿಯ ಮಕ್ಕಳಿಗೆ ಅಕ್ಷರ ತಿದ್ದಿಸಿದ ಹೆಂಗಸು ಈಗ ತನ್ನ ಐದು ಬೆರಳಿಗೆ ತಿದ್ದಿಸುತ್ತ ಕೂತರು. ಮಂದ ಮಕ್ಕಳನ್ನು ಗದರುತ್ತಿದ್ದ ಅದೇ ದನಿಯಲ್ಲಿ ಗದರಿದರು. ತೋರುಬೆರಳು ಸ್ವಲ್ಪ ಮಾತು ಕೇಳಿತು. ಕಿರುಬೆರಳು ಪೂರಾ ಪೋಲಿ. ಹೆಬ್ಬೆರಳು ಮುಷ್ಟಿಯಿಂದ ಹೊರಗೆ ಬಂದ ದಿನ ರಂಜಿನಿ ಅಳುತ್ತ ಪಾಯಸ ಮಾಡಿದಳು. ಅತ್ತೆ ಅದಕ್ಕೆ ಸಕ್ಕರೆ ಹೆಚ್ಚಾಯಿತು ಎಂದರು.

ಅರಿಶಿನದ ಗಡ್ಡೆ ಅಂಗೈ ಮೇಲೆ ಕೂರುತ್ತಿತ್ತು, ಉರುಳಿ ಬೀಳುತ್ತಿತ್ತು. ಒಮ್ಮೆ ಅದು ಮಂಚದ ಕೆಳಗೆ ಉರುಳಿ ಹೋಗುವ ಹೊತ್ತಿಗೆ ಸರಿಯಾಗಿ ಗುರುಸಿದ್ದಯ್ಯ ಒಳಗೆ ಬಂದ. ಎದೆಯ ಮೇಲೆ ಸಮಿತಿಯ ಬ್ಯಾಡ್ಜ್ ಇತ್ತು.

"ನೋಡಿದ್ರಾ ಅತ್ಗಮ್ಮ? ಅದು ಅರಿಶ್ನ, ಆಯ್ತು. ಅದೇ ಲಿಂಗವಾಗಿದ್ರೆ?" ಚಾಮರಾಜನಗರದ ಕಲ್ಯಾಣಮಂಟಪದಲ್ಲಿ ಬರುವ ಸೋಮವಾರ ನಡೆಯುವ ಸಾಮೂಹಿಕ ಇಷ್ಟಲಿಂಗ ಪೂಜೆಯ ವಿಷಯ ಹೇಳಲು ಅವನು ಬಂದಿದ್ದ. ಪ್ರತಿ ವರ್ಷ ಗುರುಮಲ್ಲಮ್ಮ ಮೊದಲ ಸಾಲಿನಲ್ಲಿ ಕೂರುವುದು ರೂಢಿ. "ಈ ಸಲ ಇಂದ್ಗಡೆ ಕುರ್ಚಿ ಆಕ್ಸಿವ್ನಿ. ಅಶಕ್ತರ ಸಾಲು ಅಂತ ಬೋರ್ಡೂ ಬರೆಸೀವ್ನಿ. ತಟ್ಟೆ ನಾವೇ ಕೊಡ್ತೀವಿ. ಆರಾಮಾಗಿ ಕೂತ್ಕಳಿ."

"ನಾನ್ ಮುಂದೆ ಕೂರೋದು."

"ನೆಲದ ಮೇಲೆ ಕೂರಕ್ಕಾಯ್ತದಾ?"

"ಕುರ್ಚಿ ಮುಂದೆ ತಕಂಡ್ ಬಾ. ಅದಕ್ಕೂ ನಾಕು ಕಾಲವೆ."

"ಎಲ್ರ ಮುಂದೆ ಬಿದ್ದೋದ್ರೆ ಮನೆತನದ ಮರ್ವಾದೆ..."

"ಬಿದ್ರೆ ಬೀಳೋದು ನನ್ ಪ್ರಾಣ ತಾನೆ? ನಾನ್ ನೋಡ್ಕತೀನಿ. ನಿನ್ ಬೋರ್ಡ್ನ ನೀನ್ ನೋಡ್ಕೊ."

ಅವನು ಹೋದ ಮೇಲೆ ಗುರುಮಲ್ಲಮ್ಮ ಪಕ್ಕದಲ್ಲೇ ಇದ್ದ ತೇಜಸ್ವಿನಿಯನ್ನು ಕೇಳಿದರು. "ನಿಜ ಯೋಳು. ಬೀಳ್ತದಾ?"

"ಬೀಳಬಹುದು. ಮನೇಲಿ ಸುಮಾರಾಗಿ ನಿಲ್ತಿದೆ. ಅಷ್ಟು ಜನರ ಮುಂದೆ ಕೈ ಬಿಗಿದುಕೊಳ್ಳುತ್ತೆ, ಅದಂತೂ ಖಂಡಿತ. ಹೋಗಿ ಅಂತ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ಅದು ನಿಮ್ಮ ಕೈ."

ಬಹಳ ದಿನಗಳ ಮೇಲೆ ಯಾರೋ ಅದನ್ನು ನಿಮ್ಮ ಕೈ ಎಂದಿದ್ದರು.

ಸೋಮವಾರ ಕಲ್ಯಾಣಮಂಟಪದಲ್ಲಿ ಕುರ್ಚಿ ಮುಂದಿನ ಸಾಲಿಗೆ ಬಂತು. ಗುರುಸಿದ್ದಯ್ಯ ತರಲಿಲ್ಲ, ಮಹದೇವಪ್ರಸಾದ ತಂದ. ನೆಲದ ಜಮಖಾನದ ಮೇಲೆ ಕೂತ ಹೆಂಗಸರ ನಡುವೆ ಗುರುಮಲ್ಲಮ್ಮ ಒಬ್ಬರೇ ಎತ್ತರದಲ್ಲಿ, ವೇದಿಕೆಯ ಗುರುಗಳ ಸಮಕ್ಕೆ ಕಾಣುತ್ತಿದ್ದರು. ಅದರ ಬಗ್ಗೆಯೂ ಹಿಂದೆ ಪಿಸುಮಾತು ಎದ್ದಿತು. ಮೈಕಿನಲ್ಲಿ ದನಿ ಬಂತು: ಎಲ್ಲರೂ ಲಿಂಗವನ್ನು ಎಡ ಅಂಗೈಯಲ್ಲಿ ಇರಿಸಿಕೊಳ್ಳಿ.

ಸಭೆಯ ಅಷ್ಟೂ ಎಡ ಅಂಗೈಗಳು ಒಟ್ಟಿಗೆ ತೆರೆದುಕೊಂಡವು. ಗುರುಮಲ್ಲಮ್ಮನವರದು ಮುಷ್ಟಿ ಕಟ್ಟಿತು.

ಬೆಳಿಗ್ಗೆ ಮನೆಯಲ್ಲಿ ಬಿಚ್ಚಿದ ಕೈಯೇ ಅದು. ಈಗ ಹೆಬ್ಬೆರಳನ್ನು ಒಳಗೆ ನುಂಗಿಕೊಂಡು, ಮೊಣಕೈಯನ್ನು ಎದೆಗೆ ಎಳೆದುಕೊಂಡು, ಮೊದಲ ದಿನಗಳಲ್ಲಿ ಇದ್ದಂತೆಯೇ ಕಲ್ಲಾಗಿತ್ತು. ಬಲಗೈಯಲ್ಲಿ ಲಿಂಗ ಕಾಯುತ್ತಿತ್ತು. ಸುತ್ತ ನೀರೆರೆಯುವ ಸದ್ದು, ವಿಭೂತಿಯ ವಾಸನೆ, ಮಂತ್ರ. ಪಕ್ಕದಲ್ಲಿ ಕೂತ ರಂಜಿನಿ ತನ್ನ ಪೂಜೆ ನಿಲ್ಲಿಸಿ ಮೇಲೆ ನೋಡಿದಳು. "ಅತ್ತೆ, ನಾನು ಇಟ್ಕೊಳ್ಳಾ?"

"ನಿಂದ್ ನೀನ್ ಮಾಡು."

ಗುರುಸಿದ್ದಯ್ಯ ಸಾಲಿನ ಅಂಚಿನಲ್ಲಿ ಬಗ್ಗಿ ಬಗ್ಗಿ ಬಂದ. ಕೈಯಲ್ಲಿ ಹೊಳೆಯುವ ಹೊಸ ತಟ್ಟೆ. "ಅತ್ಗಮ್ಮ, ಎಲ್ರೂ ನೋಡ್ತಾವ್ರೆ. ಇದ್ರಲ್ಲಿ ಇಟ್ಬುಡಿ." ಅಷ್ಟಕ್ಕೆ ನಿಲ್ಲದೆ ಒಳ್ಳೆಯ ಮನಸ್ಸಿನಿಂದಲೇ ಮುಷ್ಟಿಗೆ ಕೈ ಹಾಕಿ ಒಂದು ಬೆರಳನ್ನು ಎತ್ತಲು ನೋಡಿದ.

"ಮುಟ್ಟಿದ್ರೆ ನೋಡು."

ಅದು ಅಂಗನವಾಡಿಯ ದನಿ. ವೇದಿಕೆಯ ಮೇಲೂ ಕೇಳಿಸಿತು. ಗುರುಸಿದ್ದಯ್ಯ ತಟ್ಟೆಯನ್ನು ಗುರಾಣಿಯಂತೆ ಎದೆಗೆ ಹಿಡಿದುಕೊಂಡು ನಿಂತ.

ಗುರುಮಲ್ಲಮ್ಮ ಲಿಂಗವನ್ನು ಮತ್ತೆ ಕೊರಳ ವಸ್ತ್ರದಲ್ಲಿ ಇಟ್ಟರು. ಸೋತರು ಎಂದು ಹಿಂದಿನವರು ಉಸಿರು ಬಿಟ್ಟರು. ಆದರೆ ಆಕೆ ಬಲಗೈಯಿಂದ ಎಡಮುಷ್ಟಿಯನ್ನು ತೊಡೆಯ ಮೇಲೆ ತಂದು, ಮಣಿಕಟ್ಟನ್ನು ಕೆಳಕ್ಕೆ ಬಾಗಿಸಿ, ಕೈಯ ಹಿಂಬದಿಯನ್ನು ಮೆಲ್ಲಗೆ ಸವರತೊಡಗಿದರು. ನಿದ್ದೆಗೆಟ್ಟ ಮಗುವಿನ ಬೆನ್ನು ಸವರಿದಂತೆ. ಗದರಲಿಲ್ಲ. ಮೈಕಿನ ದನಿ ವಿಭೂತಿಯಿಂದ ಪತ್ರೆಗೆ, ಪತ್ರೆಯಿಂದ ಹೂವಿಗೆ ಹೋಯಿತು. ಆಕೆ ಸವರುತ್ತಲೇ ಇದ್ದರು. ತೋರುಬೆರಳು ಸಡಿಲಿತು. ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಹೊರಗೆ ತಂದರು. ಅಂಗೈಯನ್ನು ಕುರ್ಚಿಯ ಅಂಚಿಗೆ ಒತ್ತಿ, ಎಡಕ್ಕೆ ವಾಲಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಕೂತರು. ಭುಜ ನೋವಿನಿಂದ ಸಣ್ಣಗೆ ಅದುರಿತು. ಮಂಗಳಾರತಿಯಾಯಿತು. ಎಲ್ಲರೂ ಲಿಂಗವನ್ನು ಧರಿಸಿಕೊಳ್ಳಿ ಎಂದಿತು ಮೈಕು.

ಆಗ ಗುರುಮಲ್ಲಮ್ಮ ಎಡಗೈಯನ್ನು ಎತ್ತಿ, ತಿರುಗಿಸಿ, ತೆರೆದರು. ಪೂರ್ತಿ ತೆರೆಯಲಿಲ್ಲ. ಕೊನೆಯ ಎರಡು ಬೆರಳು ಮಡಚಿಕೊಂಡೇ ಇದ್ದವು. ಅಂಗೈ ಹೊಲಿದ ದೊನ್ನೆಯಂತೆ ಒಂದು ಕಡೆ ಸೊಟ್ಟಗಿತ್ತು. ಬಲಗೈಯಿಂದ ಲಿಂಗ ತೆಗೆದು ಆ ಸೊಟ್ಟ ದೊನ್ನೆಯಲ್ಲಿ ಇಟ್ಟರು. ಕೈ ನಡುಗಿತು, ಲಿಂಗ ಅಲ್ಲಾಡಿತು. ರಂಜಿನಿ ಬೊಗಸೆಯನ್ನು ಕೆಳಗೆ ಚಾಚಿದಳು. ಅತ್ತೆ ಒಂದು ನೋಟ ನೋಡಿದರು. ಬೊಗಸೆ ಹಿಂದಕ್ಕೆ ಹೋಯಿತು. ನಡುಕ ಇನ್ನೆರಡು ಸಲ ಬಂದು, ಸುಸ್ತಾಗಿ, ನಿಂತಿತು.

"ಅತ್ಗಮ್ಮ, ಪೂಜೆ ಮುಗೀತು," ಎಂದು ಗುರುಸಿದ್ದಯ್ಯ ಪಿಸುಗುಟ್ಟಿದ.

"ನಿಮ್ದು ಮುಗೀತು. ನಂದೀಗ ಸುರು."

ಉದ್ಧರಣೆಯಿಂದ ನೀರೆರೆದರು. ಮಡಚಿದ ಬೆರಳ ಸಂದಿಯಿಂದ ನೀರು ಸೋರಿ ಸೀರೆ ನೆನೆಯಿತು. ವಿಭೂತಿ ಇಟ್ಟರು, ಪತ್ರೆ ಇಟ್ಟರು. ಜನ ಎದ್ದು ಊಟದ ಪಂಕ್ತಿಯ ಕಡೆ ಹೊರಟಿದ್ದರು. ಕೆಲವರು ಹೊರಟವರು ನಿಂತರು. ಮುಂದಿನ ಮದುವೆಗೆ ಮಂಟಪ ಬಿಟ್ಟುಕೊಡಬೇಕಾದ ಕೆಲಸಗಾರರು ಆ ತುದಿಯಿಂದ ಜಮಖಾನ ಸುತ್ತುತ್ತ ಸುತ್ತುತ್ತ ಬಂದರು. ಕುರ್ಚಿಯ ಕಾಲಿನವರೆಗೆ ಬಂದು ಮೇಲೆ ನೋಡಿದರು.

"ಅಮ್ಮಾ, ವಸಿ ಎದ್ರೆ..."

ಗುರುಮಲ್ಲಮ್ಮ ಕಣ್ಣು ಲಿಂಗದಿಂದ ಎತ್ತಲಿಲ್ಲ. "ವಸಿ ಕಾಯ್ರಪ್ಪ," ಎಂದರು.

ಕೆಲಸಗಾರರು ಸುತ್ತಿದ್ದ ಜಮಖಾನದ ಮೇಲೆಯೇ ಕೂತು ಕಾದರು.